ಹಳೇ ರೋಟರಿ ಕಾರಿನ ಸೈಲೆನ್ಸರ್ ಬದಲಿಸುವ ಮೊದಲು: ಮಾಲೀಕರಿಗೂ ಗ್ಯಾರೇಜ್ ಹುಡುಗರಿಗೂ ಗೊತ್ತಿರಬೇಕಾದ ಸಂಗತಿಗಳು

ಗಲ್ಫ್‌ಗೆ ಬಂದು ನಾಲ್ಕೈದು ವರ್ಷ ದುಡಿದು, ಲೈಸೆನ್ಸ್ ಕೈಗೆ ಬಂದ ಮೇಲೆ ಸ್ವಂತದ್ದೊಂದು ಕಾರು ಬೇಕು ಅನ್ನಿಸೋದು ಸಹಜ. ಸೆಕೆಂಡ್ ಹ್ಯಾಂಡ್ ಕಾರು ಹುಡುಕುವಾಗ ಹಳೇ ಕ್ಯಾಮ್ರಿ, ಸನ್ನಿಗಳ ನಡುವೆ ಒಮ್ಮೊಮ್ಮೆ ಮಜ್ದಾ ಆರ್‌ಎಕ್ಸ್-8 ಕಣ್ಣಿಗೆ ಬೀಳುತ್ತೆ. ನೋಡೋಕೆ ಸ್ಪೋರ್ಟ್ಸ್ ಕಾರು, ನಾಲ್ಕು ಜನ ಕೂರಬಹುದು, ಬೆಲೆಯೂ ಕೈಗೆಟುಕುವಂತಿರುತ್ತೆ. ಕೊಂಡವರಲ್ಲಿ ಹೆಚ್ಚಿನವರು ಮೊದಲು ಮಾಡಿಸುವ ಕೆಲಸ ಸೈಲೆನ್ಸರ್ ಬದಲಾವಣೆ. ಸದ್ದು ಚೆನ್ನಾಗಿರಲಿ, ಓಟ ಜಾಸ್ತಿಯಾಗಲಿ ಅನ್ನೋ ಆಸೆ.

ಅದೇ ಕೆಲಸವನ್ನು ಶಾರ್ಜಾ ಇಂಡಸ್ಟ್ರಿಯಲ್ ಏರಿಯಾ, ದುಬೈನ ರಾಸ್ ಅಲ್ ಖೋರ್, ಅಬುಧಾಬಿಯ ಮುಸಫ್ಫಾ, ದೋಹಾದ ಸನಾಇಯ್ಯ, ಕುವೈತ್‌ನ ಶುವೈಖ್ ಗ್ಯಾರೇಜ್‌ಗಳಲ್ಲಿ ಕಾರಿನ ಅಡಿಗೆ ಮಲಗಿ ಮಾಡುವವರಲ್ಲಿ ನಮ್ಮ ಕರಾವಳಿಯ ಹುಡುಗರೂ ಇದ್ದಾರೆ. ಸಾಮಾನ್ಯ ಪಿಸ್ಟನ್ ಇಂಜಿನ್ನಿನಲ್ಲಿ ಕೈ ಪಳಗಿದವರಿಗೂ ರೋಟರಿ ಇಂಜಿನ್ ಹೊಸತೇ. ಸೈಲೆನ್ಸರ್ ಅಂದಮೇಲೆ ಎಲ್ಲ ಒಂದೇ ಅಂತ ತಿಳಿದು ಕೈ ಹಾಕಿದರೆ ಇಂಜಿನ್ ಹೋಗಬಹುದು, ಸಾವಿರಗಟ್ಟಲೆ ದಂಡ ಬೀಳಬಹುದು, ಕಾರಿನೊಳಗೆ ವಿಷದ ಗಾಳಿ ತುಂಬಬಹುದು. ಹಾಗಾಗಿ ಕೆಲಸ ಶುರು ಮಾಡುವ ಮೊದಲು ತಿಳಿದಿರಬೇಕಾದದ್ದನ್ನೆಲ್ಲ ಇಲ್ಲಿ ಒಂದೇ ಕಡೆ ಕೊಡಲಾಗಿದೆ.

ರೋಟರಿ ಇಂಜಿನ್ ಯಾಕೆ ಬೇರೆ?

ಈ ಇಂಜಿನ್ ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಅವರ ಕಲ್ಪನೆ. 1964ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯ ಸ್ಪೈಡರ್ ಕಾರಿನಲ್ಲಿ ಅದು ಮೊದಲು ರಸ್ತೆಗೆ ಬಂತು. ಜಪಾನಿನ ಮಜ್ದಾ 1967ರಲ್ಲಿ ಕಾಸ್ಮೋ ಸ್ಪೋರ್ಟ್ ಕಾರಿನೊಂದಿಗೆ ಇದನ್ನು ಹಿಡಿದುಕೊಂಡಿತು, ಉಳಿದ ಕಂಪನಿಗಳು ಕೈಬಿಟ್ಟ ಮೇಲೂ ಬಿಡಲಿಲ್ಲ. 1991ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸ್ ಗೆದ್ದ ಮಜ್ದಾ 787ಬಿ ಕಾರಿನಲ್ಲಿದ್ದದ್ದು ನಾಲ್ಕು ರೋಟರ್‌ಗಳ ಇಂಜಿನ್. ಜಪಾನಿನ ಕಂಪನಿಯೊಂದು ಆ ರೇಸ್ ಗೆದ್ದದ್ದು ಅದೇ ಮೊದಲು.

ಇದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮೊಟ್ಟೆಯಾಕಾರದ ಗೂಡಿನೊಳಗೆ ಮೂರು ಮೂಲೆಯ ರೋಟರ್ ತಿರುಗುತ್ತೆ. ಅದರ ಒಂದೊಂದು ತುದಿಯಲ್ಲೂ ಏಪೆಕ್ಸ್ ಸೀಲ್ ಅನ್ನೋ ತೆಳ್ಳನೆಯ ಪಟ್ಟಿ ಇರುತ್ತೆ. ಪಿಸ್ಟನ್ ರಿಂಗ್ ಮಾಡುವ ಕೆಲಸವನ್ನೇ ಇಲ್ಲಿ ಈ ಸೀಲ್ ಮಾಡುತ್ತೆ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ಶಾಫ್ಟ್ ಮೂರು ಸುತ್ತು ಬರುತ್ತೆ. ಶಾಫ್ಟಿನ ಪ್ರತಿ ಸುತ್ತಿಗೂ ಒಂದೊಂದು ರೋಟರಿನಲ್ಲಿ ಒಂದೊಂದು ಸ್ಫೋಟ.

ಸೈಲೆನ್ಸರ್ ಕೆಲಸದವರಿಗೆ ಇದರಲ್ಲಿ ನಾಲ್ಕು ವಿಷಯ ಮುಖ್ಯ.

ಒಂದು, ಹೊಗೆ ಹೊರಹೋಗುವ ತೂತಿಗೆ ವಾಲ್ವ್ ಇಲ್ಲ. ರೋಟರಿನ ತುದಿ ತೂತನ್ನು ದಾಟಿದ ಕ್ಷಣವೇ ಒಳಗಿನ ಒತ್ತಡವೆಲ್ಲ ಒಮ್ಮೆಗೇ ಹೊರಗೆ ನುಗ್ಗುತ್ತೆ. ರೋಟರಿ ಕಾರಿನ ಆ ಕಿವಿ ಸೀಳುವ ಸದ್ದಿಗೆ ಇದೇ ಕಾರಣ.

ಎರಡು, ಇಂಜಿನ್ನಿನಲ್ಲಿ ಉರಿಯುವ ಜಾಗ ಉದ್ದ ಮತ್ತು ತೆಳ್ಳಗೆ. ಬೆಂಕಿ ಮೂಲೆಮೂಲೆಗೂ ಹೋಗಿ ಮುಟ್ಟೋದಿಲ್ಲ. ಅರೆಬೆಂದ ಪೆಟ್ರೋಲ್ ಹೊಗೆಯ ಜೊತೆ ಹೊರಬಂದು ಪೈಪಿನಲ್ಲೇ ಉರಿಯುತ್ತೆ.

ಮೂರು, ಸೀಲ್‌ಗಳಿಗೆ ಜಿಡ್ಡು ಬೇಕು ಅಂತ ಇಂಜಿನ್ ತಾನೇ ಸ್ವಲ್ಪ ಸ್ವಲ್ಪ ಆಯಿಲನ್ನು ಒಳಗೆ ಬಿಟ್ಟು ಸುಡುತ್ತೆ. ಆಯಿಲ್ ಕಮ್ಮಿಯಾಗೋದು ಈ ಕಾರಿನಲ್ಲಿ ರೋಗವಲ್ಲ, ಗುಣ. ಆದರೆ ಆ ಸುಟ್ಟ ಆಯಿಲೂ ಸೈಲೆನ್ಸರ್ ಮೂಲಕವೇ ಹೋಗಬೇಕು.

ನಾಲ್ಕು, ಇವೆಲ್ಲದರಿಂದ ಹೊಗೆಯ ಬಿಸಿ ವಿಪರೀತ. ಜೋರಾಗಿ ಓಡಿಸಿದಾಗ ಮ್ಯಾನಿಫೋಲ್ಡ್ ಬಳಿ 900 ಡಿಗ್ರಿ ಸೆಲ್ಸಿಯಸ್ ದಾಟೋದು ಈ ಇಂಜಿನ್ನಿಗೆ ಹೊಸದಲ್ಲ. ಸಾಮಾನ್ಯ ಕಾರಿಗೆ ಸಾಕಾಗುವ ಪೈಪು, ಹತ್ತಿ ತುಂಬಿದ ಮಫ್ಲರು, ಅಗ್ಗದ ಗ್ಯಾಸ್ಕೆಟ್ ಇಲ್ಲಿ ಬಹಳ ದಿನ ಬಾಳೋದಿಲ್ಲ.

ಯಾವ ಕಾರು, ಯಾವ ಇಂಜಿನ್

ಎದುರಿಗೆ ನಿಂತಿರುವ ಕಾರು ಯಾವ ತಲೆಮಾರಿನದು ಅಂತ ಮೊದಲು ತಿಳಿಯಬೇಕು. ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ತಪ್ಪು.

ಮೊದಲ ಆರ್‌ಎಕ್ಸ್-7 ಬಂದದ್ದು 1978ರಲ್ಲಿ. ಹೆಚ್ಚಿನವುಗಳಲ್ಲಿ 1146 ಸಿಸಿಯ 12ಎ ಇಂಜಿನ್. 1985ರಲ್ಲಿ ಎರಡನೆಯದು ಬಂತು, ಅದನ್ನು ಎಫ್‌ಸಿ ಅಂತಾರೆ. ಅದರಲ್ಲಿ 1308 ಸಿಸಿಯ 13ಬಿ, ಟರ್ಬೊ ಇಲ್ಲದ್ದೂ ಇದೆ, ಟರ್ಬೊ ಇರುವುದೂ ಇದೆ. 1991ರ ಕೊನೆಗೆ ಬಂದು 2002ರವರೆಗೆ ತಯಾರಾದದ್ದು ಎಫ್‌ಡಿ. ಅದರಲ್ಲಿ ಒಂದಾದ ಮೇಲೆ ಒಂದು ಕೆಲಸಕ್ಕಿಳಿಯುವ ಎರಡು ಟರ್ಬೊ. ಇವೆಲ್ಲದರಲ್ಲೂ ಹೊಗೆಯ ತೂತು ಗೂಡಿನ ಅಂಚಿನಲ್ಲಿದೆ.

2003ರಿಂದ 2012ರವರೆಗೆ ತಯಾರಾದ ಆರ್‌ಎಕ್ಸ್-8ರ ರೆನೆಸಿಸ್ ಇಂಜಿನ್ ಕೂಡ 1308 ಸಿಸಿಯದೇ. ಆದರೆ ಹೊಗೆಯ ತೂತುಗಳನ್ನು ಅಂಚಿನಿಂದ ಪಕ್ಕದ ಗೋಡೆಗೆ ತಂದಿದ್ದಾರೆ. ಮ್ಯಾನಿಫೋಲ್ಡ್ ಬಿಚ್ಚಿದರೆ ಮೂರು ಬಾಯಿ ಕಾಣುತ್ತೆ, ನಡುವಿನದು ಎರಡೂ ರೋಟರ್‌ಗಳಿಗೆ ಸೇರಿದ್ದು. ಹಾಗಾಗಿ ಆರ್‌ಎಕ್ಸ್-7ರ ಹೆಡರ್ ಆರ್‌ಎಕ್ಸ್-8ಕ್ಕೆ ಕೂರೋದಿಲ್ಲ. ಎರಡೂ 13ಬಿ ತಾನೇ ಅಂತ ಯಾರಾದರೂ ಮಾರಲು ಬಂದರೆ ಕೊಳ್ಳಬಾರದು.

ಸೈಲೆನ್ಸರ್ ಅಂದರೆ ಒಂದೇ ಡಬ್ಬಿ ಅಲ್ಲ

ನಮ್ಮವರು ಇಡೀ ಸಾಲಿಗೆ ಸೈಲೆನ್ಸರ್ ಅಂತಾರೆ, ಅರಬಿ ಮಾತಾಡುವ ಮಾಲೀಕರು ಶಕ್ಮಾನ್ ಅಂತಾರೆ. ನಿಜಕ್ಕೂ ಅದರಲ್ಲಿ ನಾಲ್ಕು ಭಾಗ. ಇಂಜಿನ್ನಿಗೆ ಅಂಟಿಕೊಂಡಿರೋದು ಮ್ಯಾನಿಫೋಲ್ಡ್. ಟರ್ಬೊ ಇದ್ದರೆ ಅದರ ಆಚೆ ಡೌನ್‌ಪೈಪ್. ಆಮೇಲೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಗ್ಯಾರೇಜ್ ಭಾಷೆಯಲ್ಲಿ ಕ್ಯಾಟ್. ಅದರ ಹಿಂದೆ ಬಾಲದವರೆಗಿನ ಪೈಪು ಮತ್ತು ಮಫ್ಲರ್. ಈ ಕೊನೆಯ ತುಂಡನ್ನು ಕ್ಯಾಟ್-ಬ್ಯಾಕ್ ಅಂತಾರೆ.

ಕಾನೂನಿಗೂ ಇಂಜಿನ್ನಿಗೂ ಅತಿ ಕಡಿಮೆ ತೊಂದರೆ ಇರೋದು ಕ್ಯಾಟ್-ಬ್ಯಾಕ್ ಬದಲಾವಣೆಯಲ್ಲಿ. ಕ್ಯಾಟ್ ಇದ್ದಲ್ಲೇ ಇರುತ್ತೆ, ಸೆನ್ಸರ್‌ಗಳೂ ಇದ್ದಲ್ಲೇ ಇರುತ್ತವೆ. ಮುಂದಕ್ಕೆ ಹೋದಷ್ಟೂ, ಅಂದರೆ ಇಂಜಿನ್ನಿನ ಹತ್ತಿರ ಹೋದಷ್ಟೂ, ಲಾಭ ಜಾಸ್ತಿ ಅಂತ ಹೇಳುವವರಿದ್ದಾರೆ. ಅಪಾಯವೂ ಅಷ್ಟೇ ಜಾಸ್ತಿ ಅನ್ನೋದನ್ನು ಅವರು ಹೇಳೋದಿಲ್ಲ.

ಮೊದಲು ಇಂಜಿನ್ನಿನ ಆರೋಗ್ಯ

ಸೀಲ್ ಸವೆದ ಇಂಜಿನ್ನಿಗೆ ಹೊಸ ಪೈಪು ಹಾಕೋದು ಕುಸಿಯುವ ಗೋಡೆಗೆ ಸುಣ್ಣ ಹೊಡೆದ ಹಾಗೆ. ದುಡ್ಡು ಖರ್ಚು ಮಾಡುವ ಮೊದಲು ಕಂಪ್ರೆಶನ್ ಟೆಸ್ಟ್ ಮಾಡಿಸಲೇಬೇಕು. ಕಾರು ಕೊಳ್ಳುವ ಮೊದಲೇ ಮಾಡಿಸಿದರೆ ಇನ್ನೂ ಒಳ್ಳೆಯದು.

ಪಿಸ್ಟನ್ ಇಂಜಿನ್ನಿನ ಮಾಮೂಲಿ ಗೇಜ್ ಇದಕ್ಕೆ ಸಾಲದು. ಅದು ಮೂರು ಮುಖಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವ ಮುಖದ ಒತ್ತಡವನ್ನು ಮಾತ್ರ ಹಿಡಿದು ತೋರಿಸುತ್ತೆ, ಉಳಿದೆರಡು ಕೆಟ್ಟಿದ್ದರೂ ಗೊತ್ತಾಗೋದಿಲ್ಲ. ಒಂದೊಂದು ರೋಟರಿನ ಮೂರೂ ಮುಖಗಳನ್ನು ಬೇರೆಬೇರೆಯಾಗಿ ತೋರಿಸುವ ರೋಟರಿ ಟೆಸ್ಟರ್ ಬೇಕು. ಆರ್‌ಎಕ್ಸ್-8ಕ್ಕೆ ಮಜ್ದಾ ಹೇಳುವ ಲೆಕ್ಕ ಹೀಗಿದೆ: ಇಂಜಿನ್ ಬಿಸಿಯಾಗಿರಬೇಕು, ಸ್ಟಾರ್ಟರ್ 250 ಆರ್‌ಪಿಎಂನಲ್ಲಿ ತಿರುಗಿಸುತ್ತಿರಬೇಕು, ಆಗ ಒತ್ತಡ 680 ಕಿಲೋಪಾಸ್ಕಲ್‌ಗಿಂತ ಕೆಳಗೆ ಹೋಗಬಾರದು. ಹೊಸ ಇಂಜಿನ್ನಿನಲ್ಲಿ ಅದು 830ರ ಆಸುಪಾಸು ಇರುತ್ತೆ. ಬ್ಯಾಟರಿ ಮಂಕಾಗಿದ್ದರೆ ಸ್ಟಾರ್ಟರ್ ನಿಧಾನವಾಗಿ, ಅಂಕಿಯೂ ಸುಳ್ಳಾಗುತ್ತೆ. ಹಾಗಾಗಿ ಎಷ್ಟು ಆರ್‌ಪಿಎಂನಲ್ಲಿ ನೋಡಿದ ಅಂಕಿ ಅಂತ ಕೇಳಲೇಬೇಕು.

ಬಿಸಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಬಹಳ ಹೊತ್ತು ಎಳೆಯುತ್ತೆ ಅಂದರೆ ಸೀಲ್ ಸೋತಿರುವ ಗುಮಾನಿ ಇಟ್ಟುಕೊಳ್ಳಬೇಕು. ಕಾರು ತೋರಿಸುವವರು ಇಂಜಿನ್ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಆಫ್ ಮಾಡಿಸಿ, ಹತ್ತು ನಿಮಿಷ ಮಾತಾಡಿ, ಮತ್ತೆ ಸ್ಟಾರ್ಟ್ ಮಾಡಿಸಿ ನೋಡಬೇಕು.

ಟರ್ಬೊ ಇಲ್ಲದ ಎಫ್‌ಸಿಯ ಒಳಗುಟ್ಟು

1986ರಿಂದ 88ರವರೆಗಿನ ಟರ್ಬೊ ಇಲ್ಲದ ಎಫ್‌ಸಿಯಲ್ಲಿ ದೊಡ್ಡ ಪೈಪು ಹಾಕಿದ ಮೇಲೆ ಕಾರು ಮೊದಲಿಗಿಂತ ನಿಧಾನವಾಯ್ತು ಅನ್ನೋ ದೂರು ಹಳೆಯದು. ಇದಕ್ಕೆ ಕಾರಣ ಇದೆ.

ಈ ಇಂಜಿನ್ನಿಗೆ ಗಾಳಿ ಒಳಬರುವ ತೂತು ಆರು. ನಾಲ್ಕು ಯಾವಾಗಲೂ ಕೆಲಸ ಮಾಡುತ್ತವೆ. ಉಳಿದೆರಡು ಸುಮಾರು 3800 ಆರ್‌ಪಿಎಂ ದಾಟಿದ ಮೇಲೆ ತೆರೆದುಕೊಂಡು ಮೇಲಿನ ಓಟಕ್ಕೆ ಬಲ ಕೊಡುತ್ತವೆ. ಅವುಗಳನ್ನು ತೆರೆಯುವ ಶಕ್ತಿ ಬರೋದು ಸೈಲೆನ್ಸರ್ ಒಳಗಿನ ಹಿಂದೊತ್ತಡದಿಂದಲೇ. ಪೈಪು ದೊಡ್ಡದಾಗಿ, ಕ್ಯಾಟ್ ಹೋಗಿ, ಹೊಗೆ ಸರಾಗವಾಗಿ ಹೊರಟರೆ ಹಿಂದೊತ್ತಡವೇ ಇರೋದಿಲ್ಲ. ಎರಡು ತೂತು ಮುಚ್ಚಿಕೊಂಡೇ ಉಳಿಯುತ್ತವೆ. ಸದ್ದು ಜಾಸ್ತಿಯಾಗಿ ಓಟ ಕಮ್ಮಿಯಾಗೋದು ಹೀಗೆ.

ಪರೀಕ್ಷೆ ಸುಲಭ. ಆ ತೂತುಗಳ ಕಡ್ಡಿಗೆ ಸ್ವಲ್ಪ ಗ್ರೀಸ್ ಹಚ್ಚಿ, ಕಾರು ಜೋರಾಗಿ ಓಡಿಸಿ ಬಂದು ನೋಡಬೇಕು. ಗ್ರೀಸ್ ಒರೆಸಿದ ಗುರುತು ಇದ್ದರೆ ಕಡ್ಡಿ ಅಲ್ಲಾಡಿದೆ, ಇಲ್ಲದಿದ್ದರೆ ಇಲ್ಲ. 1989ರ ನಂತರದ ಎಫ್‌ಸಿಯಲ್ಲಿ ಇದೇ ಕೆಲಸವನ್ನು ಏರ್ ಪಂಪಿನ ಒತ್ತಡ ಮಾಡುತ್ತೆ. ಅಲ್ಲಿ ಪೈಪು ಬದಲಿಸಿದರೂ ತೊಂದರೆ ಇಲ್ಲ, ಆದರೆ ಏರ್ ಪಂಪು ಕಿತ್ತು ಬಿಸಾಡಿದರೆ ಅದೇ ಕಥೆ. ಹಳೆಯದರಲ್ಲೂ ಏರ್ ಪಂಪಿನಿಂದ ಒಂದು ಸಣ್ಣ ಹೋಸ್ ಎಳೆದು, ಸರಿಯಾದ ಹೊತ್ತಿಗೆ ಒತ್ತಡ ಬಿಡುವ ಹಾಗೆ ಮಾಡಿಕೊಂಡು ಓಡಿಸುವವರಿದ್ದಾರೆ.

ಟರ್ಬೊ ಕಾರಿನಲ್ಲಿ ಸರಾಗವೇ ಶತ್ರು

ಟರ್ಬೊ ಇರುವ ಎಫ್‌ಸಿ, ಎಫ್‌ಡಿಗಳಲ್ಲಿ ಸಮಸ್ಯೆ ಇದಕ್ಕೆ ಉಲ್ಟಾ. ಹೊಗೆಗೆ ದಾರಿ ಸಲೀಸಾದಷ್ಟೂ ಟರ್ಬೊ ಜೋರಾಗಿ ತಿರುಗುತ್ತೆ. ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಬಾಗಿಲು ಚಿಕ್ಕದಾದ್ದರಿಂದ ಅಷ್ಟನ್ನು ಬಿಡಲಾಗದೆ ಸೋಲುತ್ತೆ. ಬೂಸ್ಟ್ ತನ್ನಷ್ಟಕ್ಕೆ ಏರುತ್ತಾ ಹೋಗುತ್ತೆ.

ಎಫ್‌ಸಿ ಟರ್ಬೊದಲ್ಲಿ ಸುಮಾರು 8.6 ಪಿಎಸ್‌ಐ ದಾಟಿದರೆ ಕಂಪ್ಯೂಟರ್ ತಾನೇ ಪೆಟ್ರೋಲ್ ನಿಲ್ಲಿಸಿ ಇಂಜಿನ್ ಉಳಿಸಲು ನೋಡುತ್ತೆ. ಕಾರು ಗೋಡೆಗೆ ಬಡಿದ ಹಾಗೆ ಗಕ್ಕನೆ ನಿಧಾನವಾಗುತ್ತೆ. ಆ ರಕ್ಷಣೆಯನ್ನು ತಪ್ಪಿಸುವ ಸಣ್ಣ ಡಬ್ಬಿಗಳನ್ನು ಮಾರುವವರಿದ್ದಾರೆ. ಅದನ್ನು ಹಾಕಿ, ಪೆಟ್ರೋಲ್ ಹೆಚ್ಚಿಸದೆ ಓಡಿಸಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗಿ ಇಂಜಿನ್ ನಾಕ್ ಹೊಡೆಯುತ್ತೆ. ಒಂದೆರಡು ಬಲವಾದ ಹೊಡೆತಕ್ಕೆ ಏಪೆಕ್ಸ್ ಸೀಲ್ ತುಂಡಾಗಬಹುದು. ತುಂಡಾದ ಸೀಲ್ ಹೊಗೆಯ ದಾರಿಯಲ್ಲೇ ಹೊರಟು ಟರ್ಬೊದ ಚಕ್ರಕ್ಕೂ ಬಡಿಯುತ್ತೆ. ಇಂಜಿನ್, ಟರ್ಬೊ ಎರಡೂ ಒಂದೇ ದಿನ ಹೋದ ಹಾಗೆ.

ಎಫ್‌ಡಿಯಲ್ಲಿ ಡೌನ್‌ಪೈಪಿನೊಳಗೇ ಒಂದು ಸಣ್ಣ ಕ್ಯಾಟ್ ಇದೆ. ಹಳೆಯದಾದ ಮೇಲೆ ಅದು ಕಟ್ಟಿಕೊಂಡು ಬಾನೆಟ್ಟಿನೊಳಗೆ ಬಿಸಿ ಹೆಚ್ಚಿಸುತ್ತೆ. ಅದನ್ನು ಬದಲಿಸುವ ಮಾತು ಬರೋದು ಅದಕ್ಕೇ. ಆದರೆ ಡೌನ್‌ಪೈಪ್, ನಡುವಿನ ಕ್ಯಾಟ್, ಹಿಂದಿನ ಮಫ್ಲರ್ ಮೂರನ್ನೂ ಒಟ್ಟಿಗೆ ತೆರೆದು, ಕಂಪ್ಯೂಟರ್ ಮಾತ್ರ ಕಂಪನಿಯದ್ದೇ ಬಿಟ್ಟರೆ ಇಂಜಿನ್ ಆಯುಸ್ಸು ಮುಗಿದ ಹಾಗೆ. ಟರ್ಬೊ ರೋಟರಿಯಲ್ಲಿ ನಿಯಮ ಒಂದೇ: ಬೂಸ್ಟ್ ಗೇಜ್ ಮೊದಲು, ವೇಸ್ಟ್‌ಗೇಟ್ ಮತ್ತು ಟ್ಯೂನಿಂಗ್ ಆಮೇಲೆ, ಪೈಪು ಕೊನೆಗೆ.

ಗಲ್ಫ್‌ನ ಬೇಸಿಗೆ ಇದನ್ನು ಇನ್ನಷ್ಟು ಕಠಿಣ ಮಾಡುತ್ತೆ. ಹೊರಗೆ 45 ಡಿಗ್ರಿ ಇರುವಾಗ ಒಳಹೋಗುವ ಗಾಳಿಯೂ ಬಿಸಿ, ನಾಕ್ ಆಗುವ ಸಂಭವವೂ ಜಾಸ್ತಿ. ಜನವರಿ ರಾತ್ರಿಯಲ್ಲಿ ಟ್ಯೂನ್ ಮಾಡಿದ ಕಾರು ಜುಲೈ ಮಧ್ಯಾಹ್ನಕ್ಕೆ ತಡೆಯುತ್ತೆ ಅಂತ ನಂಬಬಾರದು.

ಆರ್‌ಎಕ್ಸ್-8: ರೋಗ ಕ್ಯಾಟಿನದ್ದಲ್ಲ, ಕಾಯಿಲಿನದ್ದು

ಓಟ ಇಲ್ಲ, ಮೇಲೆ ಏರೋದಿಲ್ಲ, ಅಡಿಯಿಂದ ಬಿಸಿ ಹೊಡೆಯುತ್ತೆ ಅನ್ನುವ ಆರ್‌ಎಕ್ಸ್-8ರಲ್ಲಿ ಕ್ಯಾಟ್ ಕಟ್ಟಿಕೊಂಡಿರುವ ಸಾಧ್ಯತೆ ದೊಡ್ಡದು. ಆದರೆ ಕ್ಯಾಟ್ ಕೆಟ್ಟದ್ದು ಯಾಕೆ ಅಂತ ನೋಡದೆ ಅದನ್ನು ಬದಲಿಸಿದರೆ ಹೊಸತೂ ಅದೇ ದಾರಿ ಹಿಡಿಯುತ್ತೆ.

ಈ ಇಂಜಿನ್ನಿಗೆ ನಾಲ್ಕು ಪ್ಲಗ್, ನಾಲ್ಕು ಇಗ್ನಿಶನ್ ಕಾಯಿಲ್. ಕಾಯಿಲ್ ದುರ್ಬಲವಾದರೆ ಕಿಡಿ ಸಾಲದೆ ಪೆಟ್ರೋಲ್ ಉರಿಯದೆ ಕ್ಯಾಟಿಗೆ ಹೋಗುತ್ತೆ. ಅಲ್ಲಿ ಹೊತ್ತಿಕೊಂಡು ಒಳಗಿನ ಜೇನುಗೂಡಿನಂತಿರುವ ಪಿಂಗಾಣಿಯನ್ನು ಕರಗಿಸುತ್ತೆ. ಕರಗಿದ್ದು ದಾರಿ ಕಟ್ಟುತ್ತೆ. ಹೊರಹೋಗಲಾಗದ ಬಿಸಿ ಹೊಗೆ ಇಂಜಿನ್ನಿನಲ್ಲೇ ಉಳಿದು ಸೀಲ್‌ಗಳನ್ನು ಸುಡುತ್ತೆ. ಅನುಭವಿ ಮಾಲೀಕರು ಸುಮಾರು 50,000 ಕಿ.ಮೀ.ಗೊಮ್ಮೆ ಕಾಯಿಲ್‌ಗಳನ್ನು ಬದಲಿಸಿಬಿಡೋದು ಇದಕ್ಕೇ.

ಕ್ಯಾಟ್ ಕಟ್ಟಿದೆಯೇ ಅಂತ ತಿಳಿಯಲು ಅದನ್ನು ಬಿಚ್ಚಬೇಕಾಗಿಲ್ಲ. ಕ್ಯಾಟಿಗಿಂತ ಮುಂದಿನ ಆಕ್ಸಿಜನ್ ಸೆನ್ಸರ್ ತೆಗೆದು ಆ ತೂತಿಗೆ ಒತ್ತಡದ ಗೇಜ್ ಕೂರಿಸಬೇಕು. 2500 ಆರ್‌ಪಿಎಂ ಹಿಡಿದಾಗ 3 ಪಿಎಸ್‌ಐಗಿಂತ ಜಾಸ್ತಿ ತೋರಿಸಿದರೆ ದಾರಿ ಕಟ್ಟಿದೆ ಅಂತ ಲೆಕ್ಕ. ಕತ್ತಲಲ್ಲಿ ಕ್ಯಾಟ್ ಕೆಂಪಗೆ ಕಂಡರೆ ಕಾರನ್ನು ಅಲ್ಲೇ ನಿಲ್ಲಿಸಬೇಕು, ಮನೆಯವರೆಗೆ ಹೋಗೋಣ ಅನ್ನಬಾರದು.

ಕ್ಯಾಟನ್ನೇ ಕತ್ತರಿಸಿ ಬರೀ ಪೈಪು ಹಾಕಿಬಿಡೋಣ ಅನ್ನುವವರು ಪ್ರತಿ ಗ್ಯಾರೇಜ್‌ನಲ್ಲೂ ಸಿಗುತ್ತಾರೆ. ಹಿಂದಿನ ಸೆನ್ಸರ್ ಅದನ್ನು ಹಿಡಿದು ಚೆಕ್ ಇಂಜಿನ್ ದೀಪ ಹಚ್ಚುತ್ತೆ, ವಾರ್ಷಿಕ ತಪಾಸಣೆಯಲ್ಲಿ ಕಾರು ಫೇಲ್ ಆಗಬಹುದು, ಸದ್ದು ಸಹಿಸಲಾಗದಷ್ಟು ಏರುತ್ತೆ. ಅರೆಬೆಂದ ಪೆಟ್ರೋಲಿನ ವಾಸನೆ ಬಟ್ಟೆಗೂ ಹತ್ತುತ್ತೆ. ಸರಿಯಾದ ದಾರಿ ಅಂದರೆ ಕಾಯಿಲ್, ಪ್ಲಗ್ ಸರಿಮಾಡಿ, ಒಳ್ಳೆಯ ಗುಣಮಟ್ಟದ ಹೊಸ ಕ್ಯಾಟ್ ಹಾಕೋದು. ಕಿತ್ತ ಹಳೇ ಕ್ಯಾಟಿನಲ್ಲಿ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಇರುತ್ತೆ, ಗುಜರಿಯಲ್ಲಿ ಅದಕ್ಕೆ ಬೆಲೆ ಇದೆ. ಅದು ಕಾರಿನ ಮಾಲೀಕರ ಸೊತ್ತು. ಮಾಲೀಕರು ಕೇಳಿ ಪಡೆಯಬೇಕು, ಗ್ಯಾರೇಜ್‌ನವರು ಕೇಳದೆ ಇಟ್ಟುಕೊಳ್ಳಬಾರದು.

ಪೈಪು ಮತ್ತು ಮಫ್ಲರ್ ಆಯ್ಕೆ

ಟರ್ಬೊ ಇಲ್ಲದ ರೋಟರಿಗೆ ಎರಡೂವರೆ ಇಂಚಿನ ಆಸುಪಾಸು, ಟರ್ಬೊ ಇದ್ದರೆ ಮೂರು ಇಂಚು. ಸಾಮಾನ್ಯವಾಗಿ ಹಾಕುವ ಅಳತೆ ಇದು. ದೊಡ್ಡದಾದಷ್ಟೂ ಒಳ್ಳೆಯದು ಅನ್ನೋದು ತಪ್ಪು.

ಒಂದೇ ದೊಡ್ಡ ಮಫ್ಲರ್ ಹಾಕಿ ರೋಟರಿಯ ಸದ್ದನ್ನು ಅಡಗಿಸೋಕಾಗಲ್ಲ. ಮುಂದಕ್ಕೆ ಒಂದು ಪ್ರಿ-ಸೈಲೆನ್ಸರ್, ಹಿಂದೆ ಒಂದು ಮಫ್ಲರ್ ಹೀಗೆ ಎರಡು ಹಂತದಲ್ಲಿ ತಗ್ಗಿಸಬೇಕು. ಮಫ್ಲರ್ ಒಳಗೆ ಬರೀ ಗಾಜಿನ ನಾರು ತುಂಬಿದ್ದರೆ ಈ ಬಿಸಿಗೆ ಅದು ಬೇಗ ಸುಟ್ಟು ಹಾರಿಹೋಗುತ್ತೆ. ಹಾಕಿದ ದಿನ ಇದ್ದ ಗಂಭೀರ ಸದ್ದು ಕೆಲವು ತಿಂಗಳಿಗೆ ತಗಡು ಡಬ್ಬಿಯ ಸದ್ದಾಗೋದು ಇದರಿಂದಲೇ. ಒಳಪದರದಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ನಾರು ಸುತ್ತಿರುವ ಮಫ್ಲರ್ ಕೇಳಿ ಕೊಳ್ಳಬೇಕು.

ಪೈಪಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಾಳಿಕೆ ಬರುತ್ತೆ. ಸಮುದ್ರದ ಉಪ್ಪುಗಾಳಿ, ಬೇಸಿಗೆಯ ತೇವ ಎರಡೂ ಇರುವ ಊರುಗಳಲ್ಲಿ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ. ಪೈಪಿಗೆ ಬಟ್ಟೆಯಂಥ ಹೀಟ್ ರ‍್ಯಾಪ್ ಸುತ್ತಿದರೆ ಬಿಸಿ ತಡೆಯುತ್ತೆ ನಿಜ, ಆದರೆ ಅದರೊಳಗೆ ತೇವ ಸೇರಿ ಸಾದಾ ಪೈಪನ್ನು ಇನ್ನಷ್ಟು ಬೇಗ ತಿನ್ನುತ್ತೆ. ಅದರ ಬದಲು ಕಂಪನಿ ಕೊಟ್ಟ ಹೀಟ್ ಶೀಲ್ಡ್ ತಗಡುಗಳನ್ನು ಒಂದೂ ಬಿಡದೆ ವಾಪಸ್ ಹಾಕೋದು ಮೇಲು. ಅವು ಗಡಗಡ ಅನ್ನುತ್ತವೆ ಅಂತ ಕಿತ್ತು ಬಿಸಾಡಿದರೆ ಕಾರಿನ ನೆಲ, ವೈರು, ಬ್ರೇಕ್ ಪೈಪುಗಳ ಮೇಲೆ ನೇರ ಬಿಸಿ ಬೀಳುತ್ತೆ.

ಇನ್ನು ಬಲದ ಮಾತು. ಕಂಪ್ಯೂಟರ್ ಟ್ಯೂನಿಂಗ್ ಇಲ್ಲದೆ ಬರೀ ಹಿಂದಿನ ಸೈಲೆನ್ಸರ್ ಬದಲಿಸಿದ್ದಕ್ಕೆ ರಸ್ತೆಯಲ್ಲಿ ಎದ್ದು ಕಾಣುವಷ್ಟು ಬಲ ಬರೋದು ಅಪರೂಪ. ಹೆಚ್ಚಾಗೋದು ಸದ್ದು, ಕಿವಿಗೆ ಅದೇ ಓಟ ಅಂತ ಅನ್ನಿಸುತ್ತೆ.

ಕೂರಿಸುವ ಕೆಲಸ

ಕಾರು ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ರೋಟರಿಯ ಪೈಪು ಗಂಟೆಗಟ್ಟಲೆ ಬಿಸಿ ಹಿಡಿದಿಟ್ಟುಕೊಳ್ಳುತ್ತೆ. ಜಾಕ್ ನಂಬಿ ಅಡಿಗೆ ಹೋಗಬಾರದು, ಸ್ಟ್ಯಾಂಡ್ ಇಲ್ಲವೇ ಲಿಫ್ಟ್ ಬೇಕೇ ಬೇಕು. ಹಳೇ ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಸ್ಟಡ್ ಮುರಿಯೋದು ಕಮ್ಮಿ. ಮ್ಯಾನಿಫೋಲ್ಡಿನ ಸ್ಟಡ್ ಒಳಗೇ ಮುರಿದರೆ ಒಂದು ಗಂಟೆಯ ಕೆಲಸ ಎರಡು ದಿನಕ್ಕೆ ಹೋಗುತ್ತೆ.

ಗ್ಯಾಸ್ಕೆಟ್ ಯಾವಾಗಲೂ ಹೊಸದೇ. ಎಲ್ಲ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಪೈಪು ಎಲ್ಲೂ ತಾಗದ ಹಾಗೆ ಸರಿಮಾಡಿ, ಮುಂದಿನಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬರಬೇಕು. ಕಾರಿನ ಮೈಯಲ್ಲಿ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ಸಂಪರ್ಕ ತೆಗೆಯಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಸುಡುವ ಅಪಾಯ. ಪೆಟ್ರೋಲ್ ಟ್ಯಾಂಕ್, ಪೈಪುಗಳ ಹತ್ತಿರ ವೆಲ್ಡಿಂಗ್ ಬೇಡವೇ ಬೇಡ, ತುಂಡನ್ನು ಬಿಚ್ಚಿ ಮೇಜಿನ ಮೇಲೆ ಮಾಡಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಬೇಕು.

ಮುಗಿದ ಮೇಲೆ ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಪ್ರತಿ ಜೋಡಣೆಗೂ ಸೋಪಿನ ನೀರು ಹೊಡೆದು ನೋಡಬೇಕು. ಗುಳ್ಳೆ ಬಂದರೆ ಸೋರಿಕೆ ಇದೆ. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು.

ಕಾಣದ, ವಾಸನೆಯಿಲ್ಲದ ವಿಷ

ಸೋರಿಕೆ ಅಂದರೆ ಬರೀ ಸದ್ದಿನ ಪ್ರಶ್ನೆಯಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ತಲೆನೋವು, ವಾಕರಿಕೆ, ತಲೆಸುತ್ತು, ನಿದ್ದೆ ಬಂದ ಹಾಗೆ ಅನ್ನಿಸೋದು ಅದರ ಮೊದಲ ಲಕ್ಷಣ. ಬಿಸಿಲಿಗೆ ಹೀಗಾಗುತ್ತಿದೆ ಅಂತ ಗಲ್ಫ್‌ನಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ.

ಬೇಸಿಗೆಯಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿ, ಏಸಿ ಹಾಕಿಕೊಂಡು ಕಾಯೋದು ಇಲ್ಲಿ ಮಾಮೂಲಿ. ಸೈಲೆನ್ಸರ್ ಸೋರುವ ಕಾರಿನಲ್ಲಿ ಅದು ಪ್ರಾಣಕ್ಕೆ ಕುತ್ತು. ಹಿಂದಿನ ಸೀಟಿನಲ್ಲಿ ಮಲಗಿದ ಮಕ್ಕಳಿಗೆ ಇನ್ನೂ ಬೇಗ ತಾಗುತ್ತೆ. ಬಾಲದ ಪೈಪು ಬಂಪರಿನೊಳಗೇ ಮುಗಿಯುವಂತೆ ಮೋಟುಮಾಡಿದರೆ ಹೊಗೆ ಡಿಕ್ಕಿಯ ಸಂದಿನಿಂದ ಒಳಗೆ ಬರುತ್ತೆ. ಪೈಪು ಬಂಪರ್ ದಾಟಿ ಹೊರಗೆ ಬಂದಿರಲೇಬೇಕು, ಡಿಕ್ಕಿಯ ರಬ್ಬರ್ ಗಟ್ಟಿ ಇರಬೇಕು. ತಲೆನೋವು ಶುರುವಾದರೆ ಗಾಜು ಇಳಿಸಿ, ಹೊರಗೆ ಬಂದು, ಎಲ್ಲರನ್ನೂ ಗಾಳಿಗೆ ಕೂರಿಸಿ ಆಸ್ಪತ್ರೆಗೆ ಹೋಗಬೇಕು.

ಗ್ಯಾರೇಜ್‌ನಲ್ಲೂ ಇದೇ ಮಾತು. ಶಟರ್ ಎಳೆದು ಏಸಿಯಲ್ಲಿ ಕೆಲಸ ಮಾಡುವಾಗ ಇಂಜಿನ್ ಓಡಿಸಬಾರದು. ಸತುವಿನ ಲೇಪ ಇರುವ ಪೈಪಿಗೆ ವೆಲ್ಡಿಂಗ್ ಮಾಡಿದರೆ ಬರುವ ಬಿಳಿ ಹೊಗೆಯಿಂದ ಸಂಜೆಗೆ ಚಳಿಜ್ವರ ಬರುತ್ತೆ. ಸ್ಟೇನ್‌ಲೆಸ್ ಸ್ಟೀಲಿನ ಹೊಗೆ ಶ್ವಾಸಕೋಶಕ್ಕೆ ಅದಕ್ಕಿಂತ ಕೆಟ್ಟದ್ದು. ಕರ್ಚೀಫ್ ಕಟ್ಟಿಕೊಂಡರೆ ಸಾಲದು, ವೆಲ್ಡಿಂಗ್ ಹೊಗೆಯ ಮಾಸ್ಕ್ ಬೇಕು.

ದಂಡ, ಜಪ್ತಿ, ಮಾರಾಟ

ಯುಎಇಯಲ್ಲಿ ಅತಿ ಸದ್ದು ಮಾಡುವ ವಾಹನ ಓಡಿಸಿದರೆ 2,000 ದಿರ್ಹಂ ದಂಡ, ಲೈಸೆನ್ಸಿಗೆ 12 ಬ್ಲಾಕ್ ಪಾಯಿಂಟ್. ಒಟ್ಟು 24 ತುಂಬಿದರೆ ಲೈಸೆನ್ಸ್ ತಡೆಹಿಡಿಯುತ್ತಾರೆ. ಅಂದರೆ ಇಂಥ ಎರಡು ರಾತ್ರಿ ಸಾಕು. ಡ್ರೈವಿಂಗ್ ಮೇಲೇ ಕೆಲಸ ನಿಂತಿರುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ದುಬೈನಲ್ಲಿ 2023ರ ಜಪ್ತಿ ನಿಯಮದ ಪ್ರಕಾರ, ವೇಗ ಹೆಚ್ಚಿಸುವ ಅಥವಾ ಸದ್ದು ಮಾಡುವ ಬದಲಾವಣೆ ಮಾಡಿದ ಕಾರನ್ನು ಜಪ್ತಿಯಿಂದ ಬಿಡಿಸಲು 10,000 ದಿರ್ಹಂ ಕಟ್ಟಬೇಕು. ಉಳಿದ ಗಲ್ಫ್ ದೇಶಗಳಲ್ಲೂ ಅನುಮತಿಯಿಲ್ಲದ ಬದಲಾವಣೆಗೆ ತಮ್ಮದೇ ನಿಯಮಗಳಿವೆ. ಕೆಲಸಕ್ಕೆ ಮೊದಲು ಆಯಾ ಊರಿನ ಟ್ರಾಫಿಕ್ ಇಲಾಖೆಯ ಆ್ಯಪ್ ಅಥವಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಡುವಾಗ ಕಾರು ಮಾರಬೇಕಾದರೆ ದಂಡವೆಲ್ಲ ತೀರಿರಬೇಕು, ತಪಾಸಣೆಯಲ್ಲೂ ಪಾಸಾಗಬೇಕು. ಹಾಗಾಗಿ ಕಂಪನಿಯ ಹಳೇ ಸೈಲೆನ್ಸರ್, ಕ್ಯಾಟ್ ಸರಿಯಿದ್ದರೆ ಬಿಸಾಡದೆ ಇಟ್ಟುಕೊಳ್ಳೋದು ಜಾಣತನ. ಸ್ನೇಹಿತರ ಹೆಸರಿನಲ್ಲಿ ಮುಲ್ಕಿಯಾ ಇರುವ ಕಾರಿಗೆ ಅವರಿಗೆ ಹೇಳದೆ ಯಾವ ಬದಲಾವಣೆಯನ್ನೂ ಮಾಡಿಸಬಾರದು. ಕಾರಿನ ಮೇಲೆ ಬೀಳುವ ದಂಡ ಮೊದಲು ಬಂದು ನಿಲ್ಲೋದು ಅವರ ಹೆಸರಿಗೆ.

ಗ್ಯಾರೇಜ್‌ನಲ್ಲಿ ದುಡಿಯುವವರಿಗೆ

ಗಿರಾಕಿ ಕ್ಯಾಟ್ ಕತ್ತರಿಸು ಅಂದರೆ, ಅರಬಾಬ್ ಹೂಂ ಅಂದರೆ, ಹುಡುಗ ಇಲ್ಲ ಅನ್ನೋದು ಕಷ್ಟ. ಆದರೂ ಬಾಯಿಮಾತಿನಲ್ಲಿ ಮಾಡಬಾರದು. ಏನು ಕೆಲಸ, ಯಾರು ಹೇಳಿದ್ದು, ಕಾರಿನ ನಂಬರ್, ಎಷ್ಟು ಕಿ.ಮೀ. ಅಂತ ಜಾಬ್ ಕಾರ್ಡಿನಲ್ಲಿ ಬರೆದು ಗಿರಾಕಿಯ ಸಹಿ ಹಾಕಿಸಬೇಕು. ಕೆಲಸಕ್ಕೆ ಮುಂಚಿನ ಫೋಟೋ, ಆಮೇಲಿನ ಫೋಟೋ ಇರಲಿ. ಮೂರು ದಿನ ಬಿಟ್ಟು ಇಂಜಿನ್ ಹೋಯ್ತು ಅಂತ ಗಿರಾಕಿ ಬಂದಾಗ ಆ ಕಾಗದವೇ ಸಂಬಳ ಉಳಿಸೋದು.

ರಜೆ ದಿನ ರೂಮಿನ ಹತ್ತಿರದ ಪಾರ್ಕಿಂಗ್‌ನಲ್ಲಿ ಪರಿಚಯದವರ ಕಾರು ರಿಪೇರಿ ಮಾಡಿ ನಾಲ್ಕು ಕಾಸು ಸಂಪಾದಿಸುವ ಆಸೆ ಇರುತ್ತೆ. ಪರ್ಮಿಟ್ ಇಲ್ಲದೆ ಬೇರೆಯವರ ಬಳಿ ಕೂಲಿಗೆ ಕೆಲಸ ಮಾಡೋದು ಇಲ್ಲಿ ಅಪರಾಧ, ವೀಸಾಕ್ಕೇ ಸಂಚಕಾರ. ಬಯಲಿನಲ್ಲಿ ಕೆಲಸ ಮಾಡುವವರಿಗೆ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆವರೆಗೆ ಬಿಸಿಲಿನ ಬಿಡುವು ಕಡ್ಡಾಯ. ಅದು ಸರ್ಕಾರ ಕೊಟ್ಟ ಹಕ್ಕು, ಯಾರದ್ದೋ ಔದಾರ್ಯವಲ್ಲ.

ದುಡ್ಡು ಯಾವುದಕ್ಕೆ ಮೊದಲು?

ಇರುವ ದುಡ್ಡನ್ನು ಈ ಕ್ರಮದಲ್ಲಿ ಹಾಕಿದರೆ ನಷ್ಟ ಕಮ್ಮಿ.

1. ರೋಟರಿ ಟೆಸ್ಟರಿನಲ್ಲಿ ಕಂಪ್ರೆಶನ್ ಟೆಸ್ಟ್. ಫೇಲ್ ಆದರೆ ಅಲ್ಲಿಗೇ ನಿಲ್ಲಿಸಬೇಕು.
2. ಪ್ಲಗ್, ಕಾಯಿಲ್, ವೈರು, ಆಯಿಲ್, ರೇಡಿಯೇಟರ್.
3. ಸೋರಿಕೆ, ಒಡೆದ ಗ್ಯಾಸ್ಕೆಟ್, ಕಳೆದುಹೋದ ಹೀಟ್ ಶೀಲ್ಡ್.
4. ಹಿಂದೊತ್ತಡದ ಪರೀಕ್ಷೆ, ಕಟ್ಟಿಕೊಂಡಿದ್ದರೆ ಹೊಸ ಕ್ಯಾಟ್.
5. ಟರ್ಬೊ ಇದ್ದರೆ ಬೂಸ್ಟ್ ಗೇಜ್, ವೇಸ್ಟ್‌ಗೇಟ್, ಟ್ಯೂನಿಂಗ್.
6. ಇವೆಲ್ಲ ಮುಗಿದು ದುಡ್ಡು ಉಳಿದರೆ, ಕಾನೂನಿನ ಮಿತಿಯೊಳಗಿನ ಸದ್ದಿನ ಸ್ಟೇನ್‌ಲೆಸ್ ಕ್ಯಾಟ್-ಬ್ಯಾಕ್.

ಮೊದಲ ನಾಲ್ಕು ಸರಿಯಾದರೆ ಹಳೇ ರೋಟರಿ ಕಾರು ಕಂಪನಿಯ ಸೈಲೆನ್ಸರಿನಲ್ಲೇ ಹೊಸ ಉಸಿರು ಬಂದ ಹಾಗೆ ಓಡುತ್ತೆ. ಕಳೆದುಹೋದ ಬಲ ವಾಪಸ್ ಬಂದ ಮೇಲೆ ಆರನೇ ಸಾಲು ಬೇಕು ಅಂತಲೇ ಅನ್ನಿಸದಿರಬಹುದು. ಆ ದುಡ್ಡು ಊರಿಗೆ ಕಳಿಸೋಕೆ ಉಳಿಯುತ್ತೆ.